ಅಳು ನಿಲ್ಲಿಸುತ್ತಿದ್ದ ಮೇಷ್ಟ್ರು

ನನ್ನ ಮೈದುನನನ್ನು ನಾಟಕದವರೆಲ್ಲ ಮೇಷ್ಟ್ರು ಅನ್ನುತ್ತಿದ್ದರು. ಅವನು ಆಡಿಸುವ ನಾಟಕಗಳಿಗೆ ಬಟ್ಟೆ ಹೊಲಿಯುತ್ತಿದ್ದವಳು ನಾನು. ಓದು ಬರಹ ಅಷ್ಟಕ್ಕಷ್ಟೆ. ಪರದೆ ಪಕ್ಕ ಸೂಜಿ ಹಿಡಿದು ಕೂತು ಕೇಳಿದ್ದೇ ನನ್ನ ವಿದ್ಯೆ.

ಅವನ ರೀತಿಯೇ ಬೇರೆ. ಜನ ಮೂಗು ಒರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ, ಅವರು ಕೂತ ಕಡೆಯ ದೀಪಗಳನ್ನೆಲ್ಲ ಹಾಕಿಸಿಬಿಡುತ್ತಿದ್ದ. ಅಳುತ್ತಿದ್ದ ನಟಿ ಥಟ್ಟನೆ ಅಳು ನಿಲ್ಲಿಸಿ ಮುಂದೆ ಬರಬೇಕು. "ಅವಳು ಹೀಗೆ ಅತ್ತಳು. ಅವಳಿಗೆ ಬೇರೆ ದಾರಿ ಇರಲಿಲ್ಲವೇ? ನೀವೇ ಹೇಳಿ," ಅಂತ ಯಾರದೋ ಸಂಗತಿಯ ಹಾಗೆ ಕೇಳಬೇಕು.

"ಮೇಷ್ಟ್ರೇ, ಕರ್ಚೀಫು ತಂದಿದ್ದು ದಂಡವಾಯ್ತಲ್ರೀ!" ಅಂತ ಹಿಂದಿನ ಸಾಲಿನಿಂದ ಯಾರಾದರೂ ಕೂಗಿದರೆ ಹಿಗ್ಗಿಹೋಗುತ್ತಿದ್ದ.

"ಅತ್ತವನು ಮನೆಗೆ ಹೋಗಿ ಹಾಯಾಗಿ ಮಲಗ್ತಾನೆ ಅತ್ತಿಗೆ. ಯೋಚನೆ ಹತ್ತಿದವನಿಗೆ ನಿದ್ದೆ ಬರಲ್ಲ."

ಮಾತು ಸುಳ್ಳಲ್ಲ. ಆಟ ಮುಗಿದ ಮೇಲೂ ಜನ ಬಾಗಿಲಲ್ಲಿ ನಿಂತು ಜಗಳಕ್ಕೇ ಬಿದ್ದವರಂತೆ ವಾದ ಮಾಡುತ್ತಿದ್ದರು.

ತಾಯಿಯಿಲ್ಲದ ಒಬ್ಬಳೇ ಮಗಳು ಅವನಿಗೆ. ಮದುವೆ ಮಾಡಿ ಕಳಿಸಿದ್ದ. ಒಂದು ಮಧ್ಯಾಹ್ನ ತಾಲೀಮು ನಡೆದಿರುವಾಗ ಬಟ್ಟೆ ಚೀಲ ಹಿಡಿದು ಅಲ್ಲಿಗೇ ಬಂದುಬಿಟ್ಟಳು. ಕೆನ್ನೆ ಊದಿತ್ತು. ಅಪ್ಪನ ಎದೆಗೆ ಒರಗಲು ಹೋದರೆ, ಇವನು ಅವಳ ಹೆಗಲು ಹಿಡಿದು ಮಾರು ದೂರ ನಿಲ್ಲಿಸಿದ.

"ಅಳಬೇಡ ಪುಟ್ಟಿ. ಅಳ್ತಾ ಇದ್ರೆ ಏನೂ ಕಾಣಲ್ಲ. ಬೇರೆ ಯಾರದೋ ಕಥೆ ಅಂದ್ಕೊಂಡು ಹೇಳು. ಒಂದು ಹುಡುಗಿ ಇದ್ಲು... ಮುಂದೆ?"

ನಟರೆಲ್ಲ ಇದ್ದಲ್ಲೇ ನಿಂತರು. ಹುಡುಗಿ ಕಣ್ಣೊರೆಸಿಕೊಂಡಳು.

"ಒಂದು ಹುಡುಗಿಗೆ ಗಂಡ ಹೊಡೆದ. ಅವಳು ಅಪ್ಪನ ಹತ್ರ ಬಂದ್ಲು. ಅಷ್ಟೇ."

"ಏನು ಮಾಡಬೇಕಿತ್ತು ಅವಳು?"

"ದೊಡ್ಡಮ್ಮನ ಹತ್ರ ಹೋಗಬೇಕಿತ್ತು."

ಚೀಲ ಎತ್ತಿಕೊಂಡು ಬಂದು ನನ್ನ ಬೆನ್ನ ಹಿಂದೆ ನಿಂತಳು.

ಅವನೇನು ಕಲ್ಲೆದೆಯವನಲ್ಲ. ಕೋರ್ಟು ಕಚೇರಿ ಅಲೆದು ಅವಳಿಗೆ ಬಿಡುಗಡೆ ಕೊಡಿಸಿದವನೂ ಅವನೇ. ಅವಳು ನನ್ನ ಮನೆಯಲ್ಲೇ ಉಳಿದಳು, ಕೆಲಸ ಹಿಡಿದಳು. ಅಪ್ಪ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು, ಕೇಳದ್ದನ್ನು ಹೇಳುತ್ತಿರಲಿಲ್ಲ.

ಅವನು ಹಾಸಿಗೆ ಹಿಡಿದಾಗ ಉಣಿಸಿ, ಮೈ ಒರೆಸಿ ನೋಡಿಕೊಂಡವಳು ಅವಳೇ. ಒಮ್ಮೆ ಅವಳು ಔಷಧಿ ತರಲು ಹೋಗಿದ್ದಾಗ ನನ್ನನ್ನು ಕೇಳಿದ:

"ಅತ್ತಿಗೆ, ಅವಳು ನಿಮ್ಮ ಹತ್ರ ಅಳ್ತಾಳಾ?"

"ಒಂದೊಂದ್ಸಲ."

"ಆಗ ನೀವೇನು ಕೇಳ್ತೀರಿ?"

"ಏನೂ ಕೇಳಲ್ಲಪ್ಪ. ತಲೆ ಸವರ್ತೀನಿ."

ಮಗಳು ಮಾತ್ರೆ ತಂದಾಗ ಅವಳ ಕೈ ಹಿಡಿದುಕೊಂಡ. ಏನೋ ಹೇಳಲು ಬಾಯಿ ತೆರೆದ.

"ನೀರು ಬೇಕಾ ಅಪ್ಪ?"

"ಹೂಂ," ಅಂದ.