ಹಿತ್ತಿಲಲ್ಲಿ ಕಟ್ಟಿದ ಐಸು

ನನಗೂ ನನ್ನ ಅತ್ತೆಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಅದನ್ನು ಮುಚ್ಚಿಟ್ಟು ಬರೆಯುವಷ್ಟು ಒಳ್ಳೆಯವಳು ನಾನಲ್ಲ. ಅವರು ಮೈಸೂರಿನವರು, ನಾನು ಧಾರವಾಡದವಳು. ನಾನು ಮಾತಾಡಿದರೆ ಜಗಳಾಡಿದ ಹಾಗಿರುತ್ತದೆ ಎಂದು ಮದುವೆಯ ಮನೆಯಲ್ಲೇ ಹೇಳಿದ್ದರು. ಅವರು ನಯವಾಗಿ ಮಾತಾಡುತ್ತಲೇ ಜಗಳಾಡುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಆ ಚಳಿಗಾಲ ಅವರು ಲಂಡನ್ನಿನ ಸಟನ್ನಿನಲ್ಲಿರುವ ನಮ್ಮ ಮನೆಗೆ ಬಂದು ಕೂತಿದ್ದರು.

ಮಗಳಿಗೆ ಆಗ ಒಂಬತ್ತು ವರ್ಷ. ಶಾಲೆಯವರು ಐಸ್ ಸ್ಕೇಟಿಂಗಿಗೆ ಕರೆದುಕೊಂಡು ಹೋಗಿದ್ದಾಗ ಇವಳಿಗೆ ನಿಲ್ಲುವುದಕ್ಕೂ ಆಗಿರಲಿಲ್ಲ. ಜೊತೆಯ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವರಲ್ಲೊಬ್ಬಳ ಹುಟ್ಟುಹಬ್ಬದ ಪಾರ್ಟಿ ಈಗ ಅದೇ ಸ್ಕೇಟಿಂಗ್ ರಿಂಕಿನಲ್ಲಿ, ಬರುವ ಶನಿವಾರ. ಹೋಗದಿದ್ದರೆ ಹೆದರಿದಳು ಅನ್ನುತ್ತಾರೆ, ಹೋದರೆ ಮತ್ತೆ ಬೀಳುತ್ತೇನೆ ಎಂದು ಅಳುತ್ತಾ ಕೂತಳು. ರಿಂಕಿಗೇ ಹೋಗಿ ಕಲಿಯೋಣವೆಂದರೆ ಅಲ್ಲಿ ಕ್ಲಾಸಿನವರು ಯಾರಾದರೂ ನೋಡಿಬಿಡುತ್ತಾರಂತೆ. ಅವಳಿಗೆ ಬೇಕಿದ್ದದ್ದು ಇಷ್ಟೇ: ಪಾರ್ಟಿಗೆ ಮುಂಚೆ, ಯಾರೂ ನಗದ ಕಡೆ, ಒಂದು ಸಲ ನೆಟ್ಟಗೆ ನಿಂತು ನೋಡಬೇಕು.

ಆ ವಾರ ಕೊರೆಯುವ ಚಳಿ ಎಂದು ಫೋನು ಹೇಳುತ್ತಿತ್ತು. ಹಿತ್ತಿಲಲ್ಲೇ ಐಸು ಕಟ್ಟುತ್ತೇನೆ ಎಂದೆ. ಗಂಡ ನಕ್ಕ.

"ಇದು ಲಂಡನ್ನು ಕಣೇ, ಕೆನಡಾ ಅಲ್ಲ. ಕೆಸರಾಗುತ್ತೆ ಅಷ್ಟೆ."

"ಕೈ ಹಚ್ಚಂಗಿಲ್ಲ ಅಂದ್ರ ಬಾಯಿನೂ ಹಾಕಬ್ಯಾಡ್ರಿ," ಎಂದೆ.

ಹುಲ್ಲಿನ ಮೇಲೆ ಸಮತಟ್ಟಾದ ಜಾಗ ಹುಡುಕಿ, ಸುತ್ತ ಹಲಗೆ ನಿಲ್ಲಿಸಿ, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆ. ಆಸ್ಪತ್ರೆಯ ಕೆಲಸದಿಂದ ಬಂದವಳೇ ಕೋಟು ಕೂಡ ತೆಗೆಯದೆ ಪೈಪು ಹಿಡಿಯುತ್ತಿದ್ದೆ. ಒಂದೇ ಸಲ ತುಂಬಿಸಿದರೆ ಮೇಲೆ ಕೆನೆ ಕಟ್ಟಿ ಕೆಳಗೆ ನೀರೇ ಉಳಿಯುತ್ತದೆ. ಸ್ವಲ್ಪ ಬಿಟ್ಟು, ಅದು ಗಟ್ಟಿಯಾದ ಮೇಲೆ ಇನ್ನಷ್ಟು ಬಿಡಬೇಕು. ಮೊದಲು ಮೂಲೆಯಲ್ಲಿ ಸೋರಿತು. ಮರುದಿನ ಮೋಡ ಮುಚ್ಚಿ ಚಳಿ ಇಳಿದು, ಕಟ್ಟಿದ್ದೆಲ್ಲ ನೀರಾಯಿತು. ದರಿದ್ರ ಊರು, ಬೇಡವೆಂದಾಗ ಮೂಳೆ ಕೊರೆಯುತ್ತದೆ, ಬೇಕೆಂದಾಗ ಬೆಚ್ಚಗಾಗುತ್ತದೆ. ಅತ್ತೆ ಅಡುಗೆಮನೆಯ ಕಿಟಕಿಯಿಂದ, "ನೀರು ಕೂಡ ಕೆಲವರ ಮಾತು ಕೇಳಲ್ಲಪ್ಪ," ಎಂದರು. ನನಗೆ ಕೇಳಿಸಲಿ ಎಂದೇ ಹೇಳಿದ್ದು. ಮತ್ತೆ ಪೈಪು ಹಿಡಿದೆ.

ಬುಧವಾರ ಆಕಾಶ ತಿಳಿಯಾಗಿ ಮತ್ತೆ ಚಳಿ ಹಿಡಿಯಿತು. ಗುರುವಾರ ಮಲಗುವ ಮುಂಚೆ ಬೆರಳಲ್ಲಿ ಬಡಿದು ನೋಡಿದೆ, ಕಲ್ಲಾಗಿತ್ತು. ಶಾಲೆಗೆ ಹೋಗುವ ಮೊದಲೇ ಏಳುತ್ತೇನೆಂದು ಮಗಳು ಚಾರಿಟಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದ ಹಳೆಯ ಸ್ಕೇಟ್ಸನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು.

ಬೆಳಿಗ್ಗೆ ಅವಳನ್ನು ಕರೆದುಕೊಂಡು ಹಿಂಬಾಗಿಲು ತೆರೆದರೆ ಐಸಿನ ತುಂಬ ರಂಗೋಲಿ. ನಡುವೆ ದೊಡ್ಡ ಕಮಲ, ಸುತ್ತ ಬಳ್ಳಿ. ಗೆರೆ ಎಳೆದಲ್ಲೆಲ್ಲ ಐಸು ಕರಗಿ ಕಾಲುವೆಯಾಗಿತ್ತು. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪು.

ನನಗೆ ಮೈಯೆಲ್ಲ ಉರಿದುಹೋಯಿತು.

"ಅತ್ತ್ಯಾರ! ಏನ್ ಮಾಡೀರಿ ಇದು?"

ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. "ಏನಾಯ್ತೀಗ? ರಂಗೋಲಿ ಪುಡಿ ಮುಗಿದಿತ್ತು, ಉಪ್ಪಲ್ಲಿ ಎಳೆದೆ. ಈ ಮನೇಲಿ ಲಕ್ಷಣವಾಗಿರೋ ನೆಲ ಅಂತ ಕಂಡಿದ್ದು ಇದೊಂದೇ."

"ಉಪ್ಪು ಹಾಕಿದ್ರ ಕರಗ್ತದ ಅಂತ ತಿಳಿಯಂಗಿಲ್ಲೇನು? ವಾರ ಎಲ್ಲಾ ಸತ್ತೀನಿ ನಾ ಇದಕ್ಕ!"

"ಶುಕ್ರವಾರ ಕಣೇ. ಶುಕ್ರವಾರ ಅಂಗಳ ಬೋಳು ಬಿಡ್ತಾರಾ? ನಿಮ್ಮ ಕಡೆ ಬಿಡ್ತಾರೇನೋ."

"ನಮ್ಮ ಕಡೆ ಸುದ್ದಿಗೆ ಬರಬ್ಯಾಡ್ರಿ!"

ಅಲ್ಲಿಂದ ಮುಂದೆ ಐಸಿನ ಮಾತು ಬಿಟ್ಟೇಹೋಯಿತು. ಮದುವೆಯಲ್ಲಿ ಅವರಿಗೆ ಪಂಕ್ತಿಯ ಕೊನೆಯಲ್ಲಿ ಎಲೆ ಹಾಕಿದ್ದು ಬಂತು. ನನ್ನ ಬಾಣಂತನಕ್ಕೆ ಅವರು ಬಾರದೇ ಇದ್ದದ್ದು ಬಂತು. ಗಂಡ ಮೇಲಿನ ಕಿಟಕಿಯಿಂದ ತಲೆ ಹಾಕಿ, "ಪಕ್ಕದ ಮನೆಯವರು ಮಲಗಿದ್ದಾರೆ," ಎಂದ. "ನೀವೂ ಮಲಕೋರಿ!" ಎಂದು ಅರಚಿದೆ. ಕಿಟಕಿ ಮುಚ್ಚಿಕೊಂಡ. ಅತ್ತೆ ಬೆರಳು ಮಡಿಸುತ್ತಾ ಇನ್ನೊಂದು ಹಳೆಯದನ್ನು ತೆಗೆದರು.

ಆಗ ಹಿಂದೆ ದೊಪ್ಪನೆ ಸದ್ದಾಯಿತು. ತಿರುಗಿದರೆ ಮಗಳು ಕಮಲದ ನಡುವೆ ಕೂತಿದ್ದಳು, ಕಾಲಲ್ಲಿ ಸ್ಕೇಟ್ಸು. ಕರಗಿ ತರಿತರಿಯಾಗಿದ್ದ ಐಸು ಬೀಳುವ ಮುಂಚೆ ಒಂದು ಗಳಿಗೆ ಅವಳ ಕಾಲಿಗೆ ಹಿಡಿತ ಕೊಟ್ಟಿರಬೇಕು.

"ಐ ವಾಸ್ ಸ್ಟ್ಯಾಂಡಿಂಗ್," ಎಂದಳು. "ಐ ಕಾಲ್ಡ್ ಯೂ, ಅಮ್ಮ. ನೋಬಡಿ ಲುಕ್ಡ್."

"ನೋಡಿದೆ ಪುಟ್ಟಿ," ಎಂದೆ.

"ನಾನೂ ನೋಡಿದೆ ಕಂದ," ಎಂದರು ಅತ್ತೆ. ನಮ್ಮಿಬ್ಬರ ಬಾಯಲ್ಲಿ ಒಂದೇ ಮಾತು ಬಂದದ್ದು ಅದೇ ಮೊದಲು.

"ಸುಳ್ಳು," ಎಂದಳು ಮಗಳು. ಅತ್ತೆ ಎತ್ತಲು ಹೋದರು, ಕೈ ಕೊಡವಿದಳು. ನಾನು ಹೋದೆ, ನನ್ನ ಕೈಯನ್ನೂ ಕೊಡವಿದಳು. ಹಲಗೆ ಹಿಡಿದುಕೊಂಡು ತಾನೇ ಎದ್ದು, ಲೇಸು ಬಿಚ್ಚಿ, ಒಳಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಹಿತ್ತಿಲಲ್ಲಿ ಬರೀ ಉಪ್ಪುನೀರು ಉಳಿದಿತ್ತು.

ಶನಿವಾರ ಪಾರ್ಟಿಗೆ ಹೊರಡುವಾಗ ನಾನು ಕೋಟು ಹಾಕಿಕೊಂಡೆ, ಅತ್ತೆ ಶಾಲು ಹೊದ್ದುಕೊಂಡರು. ಮಗಳು ಅಪ್ಪನ ಕೈ ಹಿಡಿದು, ನಾವಿಬ್ಬರೂ ಬರುವುದು ಬೇಡ ಎಂದಳು. ಅಪ್ಪ ಮಗಳು ಬಾಗಿಲು ಹಾಕಿಕೊಂಡು ಹೋದರು. ಸಂಜೆಯವರೆಗೆ ನಾನು ಅಡುಗೆಮನೆಯಲ್ಲಿ, ಅತ್ತೆ ನಡುಮನೆಯಲ್ಲಿ.

ಅವಳು ವಾಪಸು ಬಂದಾಗ ಬಟ್ಟೆ ಎಲ್ಲೂ ಒದ್ದೆಯಾಗಿರಲಿಲ್ಲ. ಹೇಗಾಯಿತು, ನಿಂತೆಯಾ ಎಂದು ಕೇಳಿದೆ. ಅತ್ತೆಯೂ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತರು.

"ಆಸ್ಕ್ ಅಪ್ಪ," ಎಂದು ಮೆಟ್ಟಿಲು ಹತ್ತಿದಳು. "ಹಿ ವಾಸ್ ವಾಚಿಂಗ್."