ಬಿಸಿಲು ಬೀಳುವ ಒಂದೇ ಜಾಗ

ತೆಂಗಿನ ಸೀಮೆಯಲ್ಲಿ ಬಿಸಿಲಿಗೆ ಬರ ಎಂದರೆ ಯಾರೂ ನಂಬುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ದಂಡಿನಶಿವರದ ಹತ್ತಿರದ ಒಂದು ಮನೆಗೆ ಬಂದೆ. ಮನೆಯ ಗೋಡೆಗೆ ತಾಗುವಷ್ಟು ಹತ್ತಿರಕ್ಕೆ ತೆಂಗಿನ ಮರಗಳು. ಒಳಗೆ ಅಟ್ಟದ ತುಂಬ ಕೊಬ್ಬರಿಯಾಗಲೆಂದು ಪೇರಿಸಿಟ್ಟ ಕಾಯಿ, ಅದರ ಕೆಳಗೆ ಹಗಲಲ್ಲೂ ಮಬ್ಬು. ಮೈಸೂರಿನಲ್ಲಿ ಅಂಗಳದ ತುಂಬ ಬಿಸಿಲು ನೋಡಿ ಬೆಳೆದವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಎದ್ದು ಬಾಗಿಲಿಗೆ ಹೋಗುವುದು, ಮತ್ತೆ ಬಂದು ಕೂರುವುದು, ಮತ್ತೆ ಏಳುವುದು. “ಕಾಲಿಗೆ ಚಕ್ರ ಕಟ್ಕಂಡು ಬಂದವ್ಳೆ ಕಣೇ ನನ್ ಸೊಸೆ,” ಎಂದು ಅತ್ತೆ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು. ಅದು ನನ್ನ ಕಿವಿಗೆ ಬೀಳಲೆಂದೇ ಹೇಳುತ್ತಿದ್ದದ್ದು. ನನಗೂ ಮೂಗಿನ ತುದಿಯಲ್ಲೇ ಕೋಪ.

ಹಿತ್ತಲಿನಲ್ಲಿ ಸಿಡಿಲು ಬಡಿದಿದ್ದ ಒಂದು ಮರವನ್ನು ಕಡಿಸಿದ್ದರು. ಆ ಸಂದಿನಲ್ಲಿ ಮಾತ್ರ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತಿತ್ತು. ನಾನು ಹೋಗಿ ಅಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ದೀಪಾವಳಿಗೆ ತವರಿಗೆ ಹೋದಾಗ, ತೋಟದ ಮಾಲಿಯಾಗಿದ್ದ ಅಪ್ಪ ಸಾಲ್ವಿಯಾದ ಏಳು ಗಿಡಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟರು. ಸೊಂಟದೆತ್ತರ ಪೊದೆಯಾಗಿ ಕೆಂಪು ತೆನೆ ತೆನೆ ಹೂ ಬಿಡುವ ಜಾತಿ. “ಬಿಸಿಲು ಕೊಡು, ಆಮೇಲೆ ಸುಮ್ಮನೆ ಬಿಟ್ಟುಬಿಡು. ಇದಕ್ಕೆ ಉಪಚಾರ ಜಾಸ್ತಿಯಾದರೆ ಆಗಲ್ಲ,” ಎಂದರು ಅಪ್ಪ. ಬಸ್ಸಿನಲ್ಲಿ ಉದ್ದಕ್ಕೂ ಗೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಅತ್ತೆ ಒಂದು ಎಲೆ ಹಿಸುಕಿ ಮೂಸಿದರು. “ತುಳ್ಸಿ ಅಂದ್ರೆ ತುಳ್ಸಿ ಅಲ್ಲ. ದೇವ್ರಿಗಿಲ್ಲ, ಜಡೆಗಿಲ್ಲ, ದನಾನೂ ಮೂಸಲ್ಲ. ಏನ್ ಮಾಡ್ತೀಯ ಇದ್ನ?”

“ನೋಡ್ತೀನಿ,” ಎಂದೆ.

ತೆಂಗಿನ ಸಾಲಿನಲ್ಲಿ ಸಂದು ಬಿಡುವುದೆಂದರೆ ಆ ಊರಿನವರಿಗೆ ಮುಂದಿನ ಹಲ್ಲು ಬಿದ್ದ ಹಾಗೆ. ತಮ್ಮ ಕೈಯಾರೆ ನೆಟ್ಟಿದ್ದ, ಸಿಡಿಲು ಬಡಿದ ಆ ಮರದ ಕಾಯನ್ನೇ ಮೊಳಕೆಗೆ ಹಾಕಿ, ಆ ಜಾಗಕ್ಕೆಂದು ಅತ್ತೆ ಸಸಿ ಎಬ್ಬಿಸಿದ್ದರು. ಕೊನೆಗೆ ಒಂದು ಕರಾರು ಮಾಡಿದರು: “ರೋಹಿಣಿ ಮಳೆಗೆ ಸಸಿ ಇಡಬೇಕು. ಅಲ್ಲೀಗಂಟ ನಿನ್ ಗಿಡ ಹೂ ಬುಟ್ರೆ ಜಾಗ ನಿಂದು. ಇಲ್ದಿದ್ರೆ ಕಿತ್ತಾಕ್ತೀನಿ.”

ಸುಮ್ಮನೆ ಬಿಡು ಅಂದಿದ್ದರಲ್ಲ ಅಪ್ಪ, ಅದೊಂದೇ ನನ್ನ ಕೈಲಾಗಲಿಲ್ಲ. ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದೆ. ಶಿವರಾತ್ರಿ ಕಳೆಯಿತು, ಯುಗಾದಿ ಕಳೆಯಿತು. ಎಲೆ ಬಂತು, ಕೊಂಬೆ ಬಂತು, ಮೊಗ್ಗಿನ ಸುಳಿವಿಲ್ಲ. ಆ ಅಂಗೈಯಗಲ ಬಿಸಿಲೂ ಕೈತಪ್ಪಿದರೆ ಈ ಮನೆಯಲ್ಲಿ ನನ್ನದು ಅನ್ನುವುದು ಏನಿದೆ? ನನ್ನ ಈ ಓಡಾಟವನ್ನು ಹಿತ್ತಲ ಜಗಲಿಯಿಂದ ಮಾವ ನೋಡುತ್ತಿದ್ದರು. ಅವರು ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

ಬೇಸಿಗೆಯ ಒಂದು ಬೆಳಗ್ಗೆ ಹೋಗಿ ನೋಡಿದರೆ ಏಳೂ ಗಿಡ ಸೊರಗಿ ನಿಂತಿವೆ. ಎಲೆಯ ಅಂಚು ಸುಟ್ಟಿದೆ, ಬುಡದ ಮಣ್ಣಿನ ಮೇಲೆ ಬಿಳಿ ಪೊರೆ. ಹಿಂದಿನ ದಿನ ಅತ್ತೆ ಅಲ್ಲೇ ಹತ್ತಿರ ಬಟ್ಟೆ ಒಗೆದಿದ್ದರು. ಸೋಡದ ನೀರನ್ನು ಬೇಕೆಂದೇ ಸುರಿದಿದ್ದಾರೆ ಅಂದುಕೊಂಡೆ. ಅಂದುಕೊಂಡು ಸುಮ್ಮನಿದ್ದೆನೇ? ಬಾಯಿಗೆ ಬಂದದ್ದೆಲ್ಲ ಅಂದೆ. “ನ್ಯಾಯವಾಗಿ ಗೆಲ್ಲೋಕಾಗಲ್ಲ ಅಂತ ಗಿಡಕ್ಕೆ ವಿಷ ಇಟ್ಟಿರಾ? ನಾಳೆ ನನಗೂ ಇಡ್ತೀರಿ.” ಬಾವಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸಿ ನಿಂತರು.

ಜಗಲಿಯಿಂದ ಮಾವ ಎದ್ದು ಬಂದರು. “ಅವ್ಳಲ್ಲ ಕಣವ್ವ. ನಾನೇ ಹಾಕ್ದೋನು. ಉಪ್ಪು, ಕೆರೆ ಗೋಡು ಮಣ್ಣು. ತೆಂಗಿನ್ ಸಸಿಗೆ ಹಾಕೋ ಹಂಗೆ ಎರಡೆರಡು ಹಿಡಿ. ಬಿರ್ನೆ ಹೂ ಬುಡ್ಲಿ, ಜಾಗ ನಿಂಗೇ ಉಳೀಲಿ ಅಂತ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಒಂದೊಂದ್ಕೂ ಎರಡಿಡಿನಾ?” ಎಂದರು ಅತ್ತೆ. ಸೆರಗು ಸಿಕ್ಕಿಸಿಕೊಂಡು ಕೂತು, ಬೇರಿಗೆ ತಾಗದಂತೆ ಉಪ್ಪು ಮಣ್ಣನ್ನು ಬಗೆದು ಬಗೆದು ಆಚೆ ಹಾಕತೊಡಗಿದರು. ನನ್ನ ಕಡೆ ತಿರುಗದೆಯೇ, “ನಿಂತ್ಕಂಡು ಏನ್ ನೋಡ್ತೀಯ, ನೀರು ತಗಂಬಾ,” ಅಂದರು. ನೆತ್ತಿಯ ಮೇಲೆ ಬಿಸಿಲು ಬರುವವರೆಗೂ ನಾನು ನೀರು ಸೇದಿ ತಂದೆ, ಅವರು ಹೊಯ್ದು ತೊಳೆದರು. ಐದು ಗಿಡ ಸತ್ತವು. ಎರಡು ಉಳಿದವು, ಎಲೆಯಿಲ್ಲದ ಬರೀ ಕಡ್ಡಿ.

ರೋಹಿಣಿ ಮಳೆ ಬಂತು. ಹೂವಿರಲಿ, ಮೊಗ್ಗೂ ಇರಲಿಲ್ಲ. ಸಸಿ ಹಿಡಿದು ಹಿತ್ತಲಿಗೆ ಹೊರಟ ಅತ್ತೆ ನನ್ನ ಗಿಡಗಳ ಪಕ್ಕದಲ್ಲೇ ಹಾದು, ಕೊಟ್ಟಿಗೆಯ ಹಿಂದಿನ ನೆರಳಿನಲ್ಲಿ ಗುಂಡಿ ತೆಗೆದು ಅದನ್ನು ನೆಟ್ಟರು. ಯಾಕಲ್ಲಿ ಇಟ್ಟೆ ಎಂದು ಪಕ್ಕದ ಮನೆಯಾಕೆ ಕೇಳಿದಳು.

“ಆ ಮಣ್ಗೆ ಉಪ್ಪು ಇಳ್ದೋಗೈತೆ ಬುಡು. ತೆಂಗು ಬರಕಿಲ್ಲ ಅಲ್ಲಿ.”

ಹಾಗೆಂದವರು ಕೊಟ್ಟಿಗೆಯ ಹಿಂದೆ ಸಸಿಯ ಬುಡಕ್ಕೆ ಎರಡು ಹಿಡಿ ಉಪ್ಪು ಹಾಕಿಯೇ ಮಣ್ಣು ಎಳೆದಿದ್ದರು. ನಾನು ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದೆ. ಕೈ ತೊಳೆಯಲು ನನ್ನ ಹತ್ತಿರವೇ ಬಂದರು, ನೀರು ಹೊಯ್ದೆ. ನಾನು ಅವರನ್ನು ಅಂದದ್ದು ಇಡೀ ಕೇರಿಗೆ ಕೇಳಿಸಿತ್ತು. ತಪ್ಪಾಯ್ತು ಅನ್ನುವುದು ಅವರೊಬ್ಬರಿಗೆ ಕೇಳಿಸಿದ್ದರೆ ಸಾಕಿತ್ತು, ಅಷ್ಟನ್ನೂ ನಾನು ಹೇಳಲಿಲ್ಲ.