ಸಿಟ್ಟಾಗಬಾರದ ಮಾತು

ಎಂಡೋಲಾ ಪಟ್ಟಣದ ಸಾಬೂನು ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾಗಿದ್ದ ಬನಾ ಮುತಾಲೆ, ಅಂದರೆ ಹೆತ್ತ ಮಗುವಿನ ಹೆಸರಿನಿಂದ ‘ಮುತಾಲೆಯ ತಾಯಿ’ ಎಂದೇ ಕರೆಸಿಕೊಳ್ಳುತ್ತಿದ್ದವಳು, ಹೊಸದಾಗಿ ಸೇರಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: ಗೇಟಿನ ಒಳಗೆ ಯಾರಿಗೆ ಯಾರೂ ನೆಂಟರಲ್ಲ. ಹೇಳುವುದೇನೋ ಸುಲಭ. ಹೆರಿಗೆಯಲ್ಲಿ ತೀರಿಹೋದ ಅವಳ ಅಕ್ಕನ ಮಗ ಬ್ವಾಲ್ಯ ಅಲ್ಲೇ ದಿನಗೂಲಿಯವರ ಮೇಸ್ತ್ರಿಯಾಗಿದ್ದ. ಅವಳ ಬೆಂಬಾ ಕುಲದಲ್ಲಿ ಅಕ್ಕನ ಮಗನೆಂದರೆ ಸ್ವಂತ ಮಗನೇ. ಇವನಿಗಂತೂ ಹಾಲೂಡಿಸಿದವಳೂ ಅವಳೇ.

ಅವಳ ನಿಷ್ಠುರಕ್ಕೆ ಹೆದರದವನು ಗೇಟು ಕಾಯುವ ಮುದುಕ ಜೆರೆ ಒಬ್ಬನೇ. ಅವನು ನ್ಗೋನಿ ಕುಲದವನು. ಹಿಂದೊಮ್ಮೆ ಕಾದಾಡಿದ ಈ ಎರಡು ಕುಲಗಳಿಗೆ ಈಗಿರುವುದು ಗೇಲಿಯ ನಂಟು. ಎಷ್ಟು ಹಂಗಿಸಿದರೂ ಸಿಟ್ಟಾಗುವಂತಿಲ್ಲ. ಅವಳು ಅವನನ್ನು ಇಲಿ ತಿನ್ನುವವನೆಂದು, ಅವನು ಅವಳನ್ನು ಕೋತಿ ತಿನ್ನುವವಳೆಂದು ಜರೆಯದೆ ಬೆಳಗಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಜೆರೆ ಅಂದ: "ಏನವ್ವ ಬೀಗಿತ್ತಿ, ಕೋತಿ ಬೇಜಾರಾಯ್ತಾ? ನಿನ್ ಮಗ ಕೋಳಿಗೆ ಇಳಿದವ್ನಂತೆ. ಕೋಳಿ ತರದವ್ರಿಗೆ ಕೆಲ್ಸಾನೇ ಇಲ್ವಂತಲ್ಲ."

ಅವಳು ನಕ್ಕು ಮುಂದೆ ಹೋದಳು. ಮೆಟ್ಟಿಲ ಬಳಿ ನಗು ಆರಿತು. ತಿರುಗಿ ನೋಡಿದರೆ ಜೆರೆಯ ಮುಖದಲ್ಲಿ ನಗುವಿರಲಿಲ್ಲ. ಅವಳ ಕೋಣೆಗೆ ದೂರು ತರಲು ಅಂಜಿದ ಕೂಲಿಯವರು, ಅವಳು ಸಿಟ್ಟಾಗಬಾರದ ಜೆರೆಯ ಬಾಯಿಗೆ ಅದನ್ನು ಕೊಟ್ಟಿದ್ದರು. ಮಗನಿಗಿಂತ ಮೊದಲು ತನ್ನ ಬಗ್ಗೆಯೇ ಅವಳಿಗೆ ನಾಚಿಕೆಯಾಯಿತು.

ಕರೆದು ಕೇಳಿದಾಗ, ಕೆಲಸ ಕೊಡಲು ಕೋಳಿ ಲಂಚ ಪಡೆಯುತ್ತಿದ್ದುದನ್ನು ಬ್ವಾಲ್ಯ ಒಪ್ಪಿಕೊಂಡ. ಕಾಲು ಹಿಡಿದ, ಸತ್ತ ತಾಯಿಯ ಹೆಸರೆತ್ತಿದ. ವಿಚಾರಣೆಯ ದಿನ ಅವಳು ತನ್ನ ಕುರ್ಚಿಯಲ್ಲಿ ಕೂರಲಿಲ್ಲ. "ನಾನು ಇವನ ತಾಯಿ, ನ್ಯಾಯ ಹೇಳ್ಬಾರ್ದು. ಇವನ ತಪ್ಪು ಹೇಳೋಕೆ ಬಂದಿದ್ದೀನಿ," ಎಂದು ಮ್ಯಾನೇಜರಿಗೆ ಹೇಳಿ ನಿಂತೇ ಇದ್ದಳು. ಕೆಲಸ ಹೋಯಿತು. ಹೊರಡುವಾಗ ಬ್ವಾಲ್ಯ ಅವಳನ್ನು ಅಮ್ಮ ಎನ್ನದೆ "ಬರ್ತೀನಿ ಮೇಡಂ" ಎಂದ.

ಭಾನುವಾರ ಅವಳು ಕೋಳಿಗಳನ್ನು ಕೊಂಡು, ಅವನಿಗೆ ಕೊಟ್ಟಿದ್ದ ಕೂಲಿಯವರ ಮನೆಮನೆಗೆ ಒಬ್ಬಳೇ ಹೋಗಿ ಹಿಂದಿರುಗಿಸಿದಳು. ಹೆತ್ತ ಕರುಳಿಗಿಂತ ಸಾಕಿದ ಕರುಳೇನು ಕಡಿಮೆಯೇ?

ಸೋಮವಾರ ಜೆರೆ ತಲೆ ತಗ್ಗಿಸಿ ಗೇಟು ತೆರೆದ.

"ಏನೋ, ಗಂಟಲಿಗೆ ಇಲಿ ಸಿಕ್ಕೊಂಡಿದ್ಯಾ?" ಎಂದಳು.

"ಇವತ್ತು ಬೇಡ ಕಣವ್ವ. ಮನಸ್ಸು ಬರಲ್ಲ."

ಅವಳ ಕಣ್ಣು ತುಂಬಿತು. ಅಲ್ಲಿಂದ ಕದಲಲಿಲ್ಲ.

"ಬೈಯೋ ಮುದುಕ," ಎಂದಳು. "ನೀನೂ ಸುಮ್ನಾದ್ರೆ ನನಗಿನ್ಯಾರು ಹೇಳ್ತಾರೆ?"